ತೆಂಗಿನ ಮರದಡಿಯ ಮೊದಲ ಗಳಿಗೆ

ಬೆಂಗಳೂರಿನಿಂದ ಹೊರಟ ರೈಲು ತಿಪಟೂರನ್ನು ದಾಟಿ ಅರಸೀಕೆರೆಯನ್ನು ಸಮೀಪಿಸುತ್ತಿದ್ದಂತೆ ಕಿಟಕಿಯ ಎರಡು ಕಡೆಗಳಲ್ಲಿಯೂ ತೆಂಗಿನ ತೋಟಗಳು ಓಡತೊಡಗುತ್ತವೆ. ಹೊಸದಾಗಿ ಬಂದವರು ತಲೆಯೆತ್ತಿ ಗರಿಗಳನ್ನೂ ಗೊನೆಗಳನ್ನೂ ನೋಡಿ ಸಂತೋಷಪಡುತ್ತಾರೆ. ಆ ಊರಿನಲ್ಲಿಯೇ ಹುಟ್ಟಿ ಬೆಳೆದ ನನ್ನ ಕಣ್ಣು ಮಾತ್ರ ಮರದ ತುದಿಗೆ ಹೋಗುವುದಿಲ್ಲ, ಬುಡಕ್ಕೆ ಹೋಗುತ್ತದೆ. ಅಲ್ಲಿ ಯಾರಾದರೂ ಬಿದ್ದಿದ್ದಾರೆಯೇ ಎಂದು ಹುಡುಕುತ್ತದೆ. ಇದು ವಿಚಿತ್ರವಾದ ಅಭ್ಯಾಸವೆಂದು ಮನೆಯವರು ನಗುವುದುಂಟು. ಈ ಅಭ್ಯಾಸ ಹತ್ತಿದ್ದು ಹೇಗೆಂಬುದನ್ನು ನಾನು ಅವರಿಗೂ ಪೂರ್ತಿಯಾಗಿ ಹೇಳಿರಲಿಲ್ಲ.

ಅದು 1971ನೆಯ ಇಸವಿಯ ಆಷಾಢ. ನನಗಾಗ ಹನ್ನೆರಡು ವರ್ಷ. ನಮ್ಮ ತೋಟದಲ್ಲಿ ಕಾಯಿ ಕೀಳಲು ಬರುತ್ತಿದ್ದ ಒಬ್ಬ ಯುವಕನಿದ್ದನು. ಮಕ್ಕಳಾದ ನಾವೆಲ್ಲರೂ ಆತನನ್ನು ಅಣ್ಣನೆಂದೇ ಕರೆಯುತ್ತಿದ್ದೆವು. ಆತನ ಹೆಂಡತಿ ನಮಗೆ ಅತ್ತಿಗೆ. ಉಂಡೆ ಕೊಬ್ಬರಿಗೆ ಬೇಕಾದ ಬಲಿತ ಕಾಯಿ ಯಾವುದು, ಇನ್ನೂ ಒಂದು ತಿಂಗಳು ಬಿಡಬೇಕಾದುದು ಯಾವುದು ಎಂಬುದನ್ನು ಆತನು ನೆಲದ ಮೇಲೆ ನಿಂತೇ ಹೇಳಬಲ್ಲವನಾಗಿದ್ದನು. ಕಾಲಿಗೆ ಹಗ್ಗದ ತಳೆ ಹಾಕಿ, ಸೊಂಟಕ್ಕೆ ಮಚ್ಚು ಸಿಕ್ಕಿಸಿ ಏರತೊಡಗಿದನೆಂದರೆ ಮೆಟ್ಟಿಲು ಹತ್ತಿದಷ್ಟೇ ಸಲೀಸು.

ಆ ದಿನ ಬೆಳಿಗ್ಗೆ ತುಂತುರು ಮಳೆ ಬಿದ್ದು ನಿಂತಿತ್ತು. ಆತನು ಕೆಲಸವನ್ನು ಮಧ್ಯಾಹ್ನಕ್ಕೆ ಮುಂದೂಡಿ ಜಗಲಿಯ ಮೇಲೆ ಕುಳಿತಿದ್ದನು. ನಾನು ಹೋಗಿ ಎಳನೀರು ಬೇಕೆಂದು ಹಟ ಹಿಡಿದೆನು.

“ಮರ ನೆಂದೈತೆ ಪುಟ್ಟಪ್ಪಾ, ಆಮೇಲೆ ಕಿತ್ತುಕೊಡ್ತೀನಿ” ಎಂದನು.

ನಾನು ಬಿಡಲಿಲ್ಲ. ಆತನು ನಗುತ್ತ ಎದ್ದನು. ಮೇಲೇರುವಾಗ ಏನೂ ಆಗಲಿಲ್ಲ. ಎರಡು ಎಳನೀರು ಕೆಡವಿ ಇಳಿಯುವಾಗ ಪಾಚಿಗಟ್ಟಿದ ಜಾಗದಲ್ಲಿ ಕಾಲು ಜಾರಿತು. ಸುಮಾರು ಮೂವತ್ತು ಅಡಿ ಎತ್ತರವಿದ್ದೀತು. ಬಿದ್ದ ಶಬ್ದ ಬಹಳ ದೊಡ್ಡದೇನೂ ಆಗಿರಲಿಲ್ಲ. ಒಣ ಮಟ್ಟೆಯೊಂದು ಬಿದ್ದಂತಿತ್ತು.

ಮೊದಲು ಹತ್ತಿರಕ್ಕೆ ಓಡಿದವನು ನಾನೇ. ಆತನ ಕಣ್ಣು ತೆರೆದಿತ್ತು, ಉಸಿರಾಟವಿತ್ತು, ರಕ್ತವೂ ಹೆಚ್ಚು ಬಂದಿರಲಿಲ್ಲ. ಆಗ ನಾನು ಒಂದನ್ನು ಕಂಡೆನು. ಆತನ ಬಲಗಾಲಿನ ಹೆಬ್ಬೆರಳು ಅಲುಗಿತು. ಒಮ್ಮೆಯಲ್ಲ, ಎರಡು ಬಾರಿ.

ಅಷ್ಟರಲ್ಲಿ ಜನ ಸೇರಿದರು. ಅವರಲ್ಲಿ ಕೇಡು ಬಯಸಿದವರು ಒಬ್ಬರೂ ಇರಲಿಲ್ಲ. ಒಬ್ಬರು ಬಾವಿಯಿಂದ ಕೊಡ ತಂದು ಮುಖಕ್ಕೂ ಬೆನ್ನಿಗೂ ತಣ್ಣೀರು ಸುರಿದರು. ಮತ್ತೊಬ್ಬರು ತೋಳು ಹಿಡಿದು ಎಬ್ಬಿಸಿ ಕೂರಿಸಿ, ಬೆನ್ನನ್ನು ಬಲವಾಗಿ ನೀವಿದರು. ನಮ್ಮ ತಂದೆಯವರು ಕಂಕುಳಿಗೆ ಕೈ ಕೊಟ್ಟರು. ಇನ್ನೊಬ್ಬರು ಮೊಣಕಾಲಿಗೆ ಕೈ ಕೊಟ್ಟರು. ಹಾಗೆ ಎತ್ತಿದಾಗ ಆತನ ದೇಹವು ತೊಟ್ಟಿಲಿನಂತೆ ನಡುವೆ ಬಾಗಿತು. ಎತ್ತಿನ ಗಾಡಿಯ ಹುಲ್ಲಿನ ಮೇಲೆ ಮಲಗಿಸಿ, ಕುಲುಕುವ ದಾರಿಯಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಗಾಡಿಯಲ್ಲಿ ಆತನು, “ನನ್ನ ಕಾಲು ಎಲ್ಲವೆ? ಗಾಡಿಯಿಂದ ಕೆಳಕ್ಕೆ ಜೋತುಬಿದ್ದವಾ?” ಎಂದು ಕೇಳಿದನು. ಕಾಲುಗಳು ಹುಲ್ಲಿನ ಮೇಲೆಯೇ ಇದ್ದವು. ನಾನು ಹೆಬ್ಬೆರಳನ್ನೇ ನೋಡುತ್ತ ಕುಳಿತಿದ್ದೆನು. ಅದು ಮತ್ತೆ ಅಲುಗಲಿಲ್ಲ.

ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ. ದೊಡ್ಡ ವೈದ್ಯರು ಆತನನ್ನು ಪರೀಕ್ಷಿಸುವಷ್ಟರಲ್ಲಿ ಒಂದೂವರೆ ದಿನ ಕಳೆದಿತ್ತು.

* * *

ಅಂದು ವೈದ್ಯರು ನಮ್ಮ ತಂದೆಯವರಿಗೆ ಹೇಳಿದ್ದನ್ನೂ ಮುಂದೆ ನಾನು ಓದಿ ತಿಳಿದುದನ್ನೂ ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. ನಮ್ಮ ಬೆನ್ನೆಲುಬು ಒಂದೇ ಎಲುಬಲ್ಲ. ಮಣಿಗಳನ್ನು ಪೋಣಿಸಿದಂತೆ ಒಂದರ ಮೇಲೊಂದು ಕುಳಿತ ಕಶೇರುಗಳ ಸಾಲು. ಆ ಮಣಿಗಳ ನಡುವಿನ ಕಾಲುವೆಯಲ್ಲಿ ಮಿದುಳಿನಿಂದ ಇಳಿದುಬರುವುದೇ ಬೆನ್ನುಹುರಿ. ಅದರ ಗಾತ್ರ ಕಿರುಬೆರಳಿನಷ್ಟು, ಉದ್ದ ಸುಮಾರು 45 ಸೆಂಟಿಮೀಟರು. ನಡೆ ಎಂಬ ಅಪ್ಪಣೆ ಕೆಳಕ್ಕಿಳಿಯುವುದೂ, ಮುಳ್ಳು ಚುಚ್ಚಿತೆಂಬ ದೂರು ಮೇಲಕ್ಕೇರುವುದೂ ಈ ಒಂದೇ ಹುರಿಯಲ್ಲಿ. ಮಣಿಯೊಂದು ಮುರಿದು ಅದನ್ನು ಅಮುಕಿತೆಂದರೆ ಕೆಳಗಿನ ಶರೀರಕ್ಕೂ ಮಿದುಳಿಗೂ ಮಾತುಕತೆ ನಿಂತುಹೋಗುತ್ತದೆ.

ಆದರೆ ಬಿದ್ದ ಪೆಟ್ಟೇ ಎಲ್ಲವೂ ಅಲ್ಲವೆಂಬುದು ಮುಖ್ಯವಾದ ಸಂಗತಿ. ಪೆಟ್ಟು ಒಂದು ಕ್ಷಣದ್ದು. ಅದರ ಹಿಂದೆಯೇ ಎರಡನೆಯ ಅನರ್ಥವೊಂದು ನಿಧಾನವಾಗಿ ಹಬ್ಬುತ್ತದೆ. ಹುರಿ ಊದಿಕೊಳ್ಳುತ್ತದೆ. ಎಲುಬಿನ ಕಾಲುವೆಯಲ್ಲಿ ಊದುವುದಕ್ಕೆ ಸ್ಥಳವಿಲ್ಲದೆ ತನ್ನ ರಕ್ತನಾಳಗಳನ್ನು ತಾನೇ ಹಿಸುಕಿಕೊಳ್ಳುತ್ತದೆ. ರಕ್ತವಿಲ್ಲದೆ ಸಾಯುವ ಜೀವಕೋಶಗಳಿಂದ ಹೊರಬಿದ್ದ ವಸ್ತುಗಳು ಪಕ್ಕದ ಆರೋಗ್ಯವಂತ ಕೋಶಗಳನ್ನೂ ಕೊಲ್ಲುತ್ತವೆ. ಬೆಂಕಿ ಬಿದ್ದದ್ದು ಒಂದು ಗುಡಿಸಲಿಗಾದರೂ ಗಾಳಿಗೆ ಕೇರಿಯೇ ಉರಿಯುವಂತೆ, ಇದು ಗಂಟೆಗಳ, ದಿನಗಳ ವ್ಯವಹಾರ. ಮುರಿದ ಬೆನ್ನನ್ನು ಈ ನಡುವೆ ಬಾಗಿಸಿದರೆ ಮೊದಲ ಪೆಟ್ಟಿನ ಮೇಲೆ ಇನ್ನೊಂದು ಪೆಟ್ಟು ಬಿದ್ದಂತೆಯೇ ಸರಿ.

ಅಣ್ಣನ ಸೊಂಟದಿಂದ ಕೆಳಗೆ ಚಲನೆಯೂ ಸ್ಪರ್ಶವೂ ಹಿಂದಿರುಗಲಿಲ್ಲ.

* * *

ಆತನು ಇನ್ನೂ ಹತ್ತೊಂಬತ್ತು ವರ್ಷ ಬದುಕಿದನು. ಅದು ಅತ್ತಿಗೆಯ ಕೈಗುಣ. ಒಂದೇ ಮಗ್ಗುಲಲ್ಲಿ ಮಲಗಿದರೆ ಹುಣ್ಣಾಗುತ್ತದೆ, ಎರಡು ಗಂಟೆಗೊಮ್ಮೆ ಹೊರಳಿಸಬೇಕೆಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಮನೆಯಲ್ಲಿ ಗಡಿಯಾರವಿರಲಿಲ್ಲ. ಆದರೆ ಗುಡಿಸಲು ರೈಲು ಹಳಿಯಿಂದ ಕೂಗಳತೆಯಲ್ಲಿತ್ತು. ರಾತ್ರಿಯ ರೈಲುಗಳ ಕೂಗನ್ನೇ ಗುರುತಿಟ್ಟುಕೊಂಡು ಆಕೆ ಎದ್ದು ಗಂಡನನ್ನು ಹೊರಳಿಸುತ್ತಿದ್ದಳು. ಒಂದು ಗಾಡಿಗೆ ಎಡ ಮಗ್ಗುಲು, ಮುಂದಿನ ಗಾಡಿಗೆ ಬಲ ಮಗ್ಗುಲು. ರೈಲು ತಡವಾದ ದಿನ ತಾನೇ ಎಚ್ಚರಗೊಂಡು, “ಇವತ್ತು ಗಾಡಿ ಬರ್ಲಿಲ್ಲ” ಎಂದು ಗೊಣಗುತ್ತಿದ್ದಳಂತೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಬೆನ್ನುಹುರಿಯ ರೋಗಿಗಳ ವಿಭಾಗವನ್ನು ತೆರೆದ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು, ಅದುವರೆಗೆ ಬದುಕುವುದೇ ಇಲ್ಲವೆಂದು ಕೈಬಿಟ್ಟಿದ್ದವರನ್ನು ಹೀಗೆಯೇ ಹೊರಳಿಸಿ, ಮೂತ್ರಕೋಶವನ್ನು ಶುಚಿಯಾಗಿಟ್ಟು, ಕೆಲಸ ಕಲಿಸಿ, ಆಟವಾಡಿಸಿ ಬದುಕಿಸಿದರು. ಇಂದಿನ ಪ್ಯಾರಾಲಿಂಪಿಕ್ ಕ್ರೀಡೆಗಳು ಮೊಳೆತದ್ದು ಆ ಆಸ್ಪತ್ರೆಯ ಅಂಗಳದಲ್ಲಿಯೇ. ಅತ್ತಿಗೆ ಆ ಹೆಸರನ್ನು ಕೇಳಿದವಳಲ್ಲ. ಅಣ್ಣನೂ ಗೋಡೆಗೊರಗಿ ಕುಳಿತು ನಾರು ಹೊಸೆದು ಹಗ್ಗ ಮಾಡತೊಡಗಿದನು.

1974ರ ಚೈತ್ರದಲ್ಲಿ ಆತನಿಗೆ ಬೇಲೂರಿನ ಚೆನ್ನಕೇಶವನನ್ನು ನೋಡಬೇಕೆಂಬ ಆಸೆ ಹುಟ್ಟಿತು. ನಮ್ಮ ತಂದೆಯವರು ಕೊಬ್ಬರಿ ಮಂಡಿಯ ವ್ಯಾನೊಂದನ್ನು ಗೊತ್ತುಮಾಡಿದರು. ಗಾಲಿಕುರ್ಚಿಯನ್ನು ಹಿಂದಕ್ಕೆ ಕಟ್ಟಿ, ಬಾಣಾವರದ ಮಾರ್ಗವಾಗಿ ಮೊದಲು ಹಳೇಬೀಡಿಗೆ ಹೋದೆವು. ಜಗತಿಯ ಮೆಟ್ಟಿಲುಗಳ ಮೇಲೆ ಕುರ್ಚಿಯನ್ನು ನಾಲ್ವರು ಎತ್ತಿದರು. ಹೊಯ್ಸಳೇಶ್ವರನ ಗುಡಿಯ ಒಳಗೆ, ತಿರುಗಣೆಗೆ ಹಿಡಿದು ನುಣುಪು ಮಾಡಿದ ಕಂಬಗಳ ನಡುವೆ, ಹೊರಗಿನ ಬಿಸಿಲಿಗೆ ಸಂಬಂಧವೇ ಇಲ್ಲದ ತಂಪು. ಅಣ್ಣನು ಕಂಬದ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಸುಮ್ಮನಿದ್ದು, “ಕೈಗೆ ತಂಪು ಗೊತ್ತಾಗ್ತೈತೆ” ಎಂದನು. ಅದು ದುಃಖದ ಮಾತಾಗಿರಲಿಲ್ಲ. ಲೆಕ್ಕ ಹಾಕಿ ಉಳಿದುದನ್ನು ಎಣಿಸಿದ ಮಾತಾಗಿತ್ತು.

ಅಲ್ಲಿ ಗುಡಿ ತೋರಿಸುತ್ತಿದ್ದ ವೃದ್ಧರೊಬ್ಬರು ನಮಗೆ ಬಳಪದ ಕಲ್ಲಿನ ಗುಣವನ್ನು ಹೇಳಿದರು. ನೆಲದಿಂದ ತೆಗೆದ ಹೊಸದರಲ್ಲಿ ಅದು ಮೃದು, ಉಳಿ ಹೇಳಿದಂತೆ ಕೇಳುತ್ತದೆ; ಗಾಳಿಗೆ ಒಡ್ಡಿದಷ್ಟೂ ಗಟ್ಟಿಯಾಗುತ್ತ ಹೋಗುತ್ತದೆ. “ಶಿಲ್ಪಿ ಮಾಡೋದನ್ನ ಬೇಗ ಮಾಡ್ಬೇಕು, ಆಮೇಲೆ ಕಲ್ಲು ಮಾತು ಕೇಳಲ್ಲ” ಎಂದರು. ಆ ಮಾತು ಏಕೋ ನನ್ನ ಮನಸ್ಸಿನಲ್ಲಿ ನಿಂತಿತು.

ಬೇಲೂರನ್ನು ಮುಟ್ಟಿದಾಗ ನಡುಮಧ್ಯಾಹ್ನ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಗೊಂಡ ಆ ಗುಡಿಯ ಪ್ರಾಕಾರಕ್ಕೆ ಹಾಸಿದ ಕಲ್ಲುಗಳು ಹೆಂಚಿನಂತೆ ಕಾದಿದ್ದವು. ಬರಿಗಾಲಿನ ನಾವೆಲ್ಲರೂ ನೆರಳಿನಿಂದ ನೆರಳಿಗೆ ಕುಪ್ಪಳಿಸಿದೆವು. ಅಣ್ಣನ ಕುರ್ಚಿಯನ್ನು ಮದನಿಕೆಯೊಬ್ಬಳ ಕೆಳಗೆ ನಿಲ್ಲಿಸಿದೆವು. ಸೊಂಟವನ್ನು ಒಂದು ಕಡೆಗೂ ಕೊರಳನ್ನು ಇನ್ನೊಂದು ಕಡೆಗೂ ಬಾಗಿಸಿ ನಿಂತ ಆ ಕಲ್ಲಿನ ಚೆಲುವೆಯ ಬೆನ್ನನ್ನೇ ಆತನು ನೋಡುತ್ತಿದ್ದನು. ಆತನ ಪಾದಗಳು ಆಸರೆಯ ಹಲಗೆಯಿಂದ ಜಾರಿ ಕಾದ ಕಲ್ಲಿನ ಮೇಲೆ ನಿಂತಿದ್ದುದನ್ನು ನಾವು ಯಾರೂ ಗಮನಿಸಲಿಲ್ಲ. ಆತನಿಗೆ ತಿಳಿಯುವಂತೆಯೇ ಇರಲಿಲ್ಲ. ರಾತ್ರಿ ಮನೆಯಲ್ಲಿ ಅತ್ತಿಗೆ ದೀಪ ಹಿಡಿದು ನೋಡಿದಾಗ ಎರಡು ಅಂಗಾಲುಗಳಲ್ಲಿಯೂ ಬೊಬ್ಬೆ ಎದ್ದಿದ್ದವು. ಆ ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಬಿಸಿಯಾಗಲಿ ತಣ್ಣಗಿನದಾಗಲಿ, ಸ್ಪರ್ಶವಿಲ್ಲದ ಚರ್ಮಕ್ಕೆ ಎಷ್ಟು ಅಪಾಯಕಾರಿಯೆಂಬುದನ್ನು ನಾವು ಕಲಿತದ್ದು ಹಾಗೆ.

* * *

ಅಣ್ಣನು 1990ರಲ್ಲಿ ಮೂತ್ರಕೋಶದ ಸೋಂಕಿನಿಂದ ತೀರಿಕೊಂಡನು. ಹದಿನೇಳು ವರ್ಷಗಳ ಬಳಿಕ ಒಂದು ದಿನ ಪತ್ರಿಕೆಯಲ್ಲಿ ಓದಿದ ಸುದ್ದಿಯೊಂದು ನನ್ನ ನಿದ್ರೆಗೆಡಿಸಿತು. 2007ರ ಸೆಪ್ಟೆಂಬರ್ 9ರಂದು ಅಮೆರಿಕದ ಕೆವಿನ್ ಎವರೆಟ್ ಎಂಬ ಫುಟ್‌ಬಾಲ್ ಆಟಗಾರನು ಆಡುತ್ತಿದ್ದಾಗ ಕತ್ತಿನ ಕಶೇರು ಮುರಿದು ಕೈಕಾಲು ಸ್ವಾಧೀನ ತಪ್ಪಿ ಬಿದ್ದನು. ಆಂಬುಲೆನ್ಸಿನಲ್ಲಿಯೇ ಆತನ ರಕ್ತನಾಳಕ್ಕೆ ತಣ್ಣಗಿನ ಲವಣಜಲವನ್ನು ಹರಿಸಿ ಶರೀರವನ್ನು ತಂಪು ಮಾಡಿದರು. ಅದೇ ದಿನ ಶಸ್ತ್ರಕ್ರಿಯೆಯನ್ನೂ ನಡೆಸಿದರು. ವರ್ಷ ಮುಗಿಯುವಷ್ಟರಲ್ಲಿ ಆತನು ಎದ್ದು ನಡೆದನು.

ತಂಪು! ನಾವೂ ಅಂದು ಬಾವಿಯ ತಣ್ಣೀರನ್ನು ಬೆನ್ನಿಗೆ ಸುರಿದಿದ್ದೆವಲ್ಲವೇ? ಹಾಗಾದರೆ ಇನ್ನಷ್ಟು ಸುರಿಯಬೇಕಾಗಿತ್ತೇ? ಸೋಡಾ ಅಂಗಡಿಯಿಂದ ಐಸು ತಂದು ಒತ್ತಬೇಕಾಗಿತ್ತೇ? ಈ ಪ್ರಶ್ನೆಯನ್ನು ಬೆನ್ನುಹತ್ತಿ ನಾನು ಪುಸ್ತಕಭಂಡಾರಗಳಿಗೆ ಅಲೆದೆನು. ಪರಿಚಿತ ವೈದ್ಯರನ್ನು ಪೀಡಿಸಿದೆನು. ತಿಳಿದುದು ಇಷ್ಟು.

ತಣ್ಣಗಾದ ಅಂಗಾಂಶವು ಕಡಿಮೆ ಪ್ರಾಣವಾಯುವಿನಲ್ಲಿ ಬದುಕಬಲ್ಲುದು. ಆದುದರಿಂದ ಪೆಟ್ಟಾದ ಬೆನ್ನುಹುರಿಯನ್ನು ಕೂಡಲೇ ತಂಪು ಮಾಡಿದರೆ ಎರಡನೆಯ ಅನರ್ಥದ ಓಟವನ್ನು ನಿಧಾನಗೊಳಿಸಬಹುದೆಂಬುದು ತರ್ಕ. ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಮಾರಿಸ್ ಆಲ್ಬಿನ್, ರಾಬರ್ಟ್ ವೈಟ್ ಮೊದಲಾದವರು ಕೋತಿಗಳ ಮೇಲೆ ಪ್ರಯೋಗ ನಡೆಸಿ, ಪೆಟ್ಟಾಗಿ 4 ಗಂಟೆಗಳು ಕಳೆದ ಮೇಲೆ ಹುರಿಯನ್ನು ತಂಪುಗೊಳಿಸಿದರೂ ಅವು ಚೇತರಿಸಿಕೊಂಡುದನ್ನು 1968ರಲ್ಲಿ ಪ್ರಕಟಿಸಿದ್ದರು. ಆ ಇಸವಿಯನ್ನು ಓದಿದಾಗ ನನ್ನ ಕೈ ನಡುಗಿತು. ನಮ್ಮ ತೋಟದ ಘಟನೆಗೆ ಕೇವಲ ಮೂರು ವರ್ಷ ಹಿಂದಿನದು!

ಆದರೆ ಆ ತಂಪು ಕೊಡದ ನೀರಿನ ತಂಪಲ್ಲ. ಶಸ್ತ್ರವೈದ್ಯರು ಬೆನ್ನನ್ನು ಸೀಳಿ, ಕಶೇರುವಿನ ಹಿಂಭಾಗದ ಎಲುಬನ್ನು ತೆಗೆದು, ಹುರಿಯನ್ನು ಸುತ್ತಿದ ಗಟ್ಟಿ ಪೊರೆಯವರೆಗೂ ಹೋಗಬೇಕು. ಕೆನಡಾದ ಹ್ಯಾಮಿಲ್ಟನ್ ನಗರದ ರಾಬರ್ಟ್ ಹಾನ್ಸ್‌ಬೌಟ್ ಎಂಬವರು ಆ ಪೊರೆಯ ಮೇಲೆ ಕುದುರೆಯ ಜೀನಿನ ಆಕಾರದ ಪುಟ್ಟ ಸಾಧನವನ್ನಿಟ್ಟು, ಅದರೊಳಗೆ ಶೀತಲ ದ್ರವವನ್ನು ಹರಿಸಿ, ಪೊರೆಯ ಉಷ್ಣತೆಯನ್ನು 6 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಇಳಿಸಿದರು. ಅಂತಹ 20 ರೋಗಿಗಳ ಫಲಿತಾಂಶವು 2014ರಲ್ಲಿ ಪ್ರಕಟವಾಯಿತು. ಅವರೆಲ್ಲರೂ ಪೂರ್ಣವಾಗಿ ಸ್ವಾಧೀನ ತಪ್ಪಿದವರು. ಹೆಚ್ಚಿನವರಿಗೆ ಸ್ವಲ್ಪವಾದರೂ ಚಲನೆ ಅಥವಾ ಸ್ಪರ್ಶ ಮರಳಿತು. ಆದರೆ ಅವರಿಗೆ ಒತ್ತಡ ತೆಗೆಯುವ ಶಸ್ತ್ರಕ್ರಿಯೆಯೂ ಔಷಧಿಯೂ ಜೊತೆಯಲ್ಲಿಯೇ ದೊರೆತಿದ್ದವು. ತಂಪಿಲ್ಲದೆ ಚಿಕಿತ್ಸೆ ಪಡೆದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿರಲಿಲ್ಲ. ಫಲವೆಷ್ಟು ತಂಪಿನದು, ಎಷ್ಟು ಶಸ್ತ್ರದ್ದು ಎಂದು ವಿಂಗಡಿಸುವುದು ಹೇಗೆ? ಎವರೆಟ್‌ನ ವಿಷಯದಲ್ಲಿಯೂ ವೈದ್ಯರು ಹೀಗೆಯೇ ವಾದಿಸಿದರು. ಆತನ ಹುರಿ ಪೂರ್ತಿ ಕೆಟ್ಟಿರಲಿಲ್ಲ, ತ್ವರಿತವಾದ ಶಸ್ತ್ರಕ್ರಿಯೆಯೇ ಕಾರಣವೆಂದು ಹೇಳಿದವರು ಹಲವರು. ಮಯಾಮಿ ನಗರದ ವೈದ್ಯರು ಹುರಿಯೊಂದನ್ನೇ ಅಲ್ಲದೆ ಇಡೀ ಶರೀರವನ್ನು 33 ಡಿಗ್ರಿಗೆ ಇಳಿಸಿ 48 ಗಂಟೆಗಳ ಕಾಲ ಇಡುವ ಕ್ರಮವನ್ನು ಪರೀಕ್ಷಿಸಿದ್ದಾರೆ. ಅಲ್ಲಿಯೂ ಶ್ವಾಸಕೋಶದ ತೊಂದರೆ ಮೊದಲಾದ ಅಪಾಯಗಳ ಮೇಲೆ ಕಣ್ಣಿಡಬೇಕಾಗುತ್ತದೆ. ಒಟ್ಟಿನಲ್ಲಿ ಶೈತ್ಯಚಿಕಿತ್ಸೆಯು ಎಲ್ಲ ರೋಗಿಗಳಿಗೂ ಕೊಡಬೇಕಾದ ಉಪಚಾರವೆಂಬ ಸ್ಥಾನವನ್ನು ಇನ್ನೂ ಪಡೆದಿಲ್ಲ.

ಇನ್ನು ಹೊರಗಿನಿಂದ ಸುರಿದ ನೀರು, ಒತ್ತಿದ ಐಸು? ಅದರ ತಂಪು ಚರ್ಮವನ್ನೂ ಸ್ನಾಯುವನ್ನೂ ಎಲುಬನ್ನೂ ದಾಟಿ ಆ ಕಿರುಬೆರಳಿನ ಹುರಿಯನ್ನು ತಲುಪುವುದಿಲ್ಲ. ಸ್ಪರ್ಶ ಕಳೆದುಕೊಂಡ ಚರ್ಮವನ್ನು ಮಾತ್ರ ಐಸು ಸುಟ್ಟೀತು. ಬೇಲೂರಿನ ಕಲ್ಲು ಸುಟ್ಟಂತೆ. ನೆನೆದು ನಡುಗುವ ಗಾಯಾಳುವಿಗೆ ಬೇಕಾದುದು ಕಂಬಳಿಯೇ ಹೊರತು ಕೊಡದ ನೀರಲ್ಲ.

ಹಾಗಾದರೆ ಈ ಹುಡುಕಾಟದಿಂದ ನನಗೆ ಸಿಕ್ಕಿದ್ದೇನು? ಹಳೇಬೀಡಿನ ವೃದ್ಧರ ಮಾತಿನ ಅರ್ಥ ಸಿಕ್ಕಿತು. ಪೆಟ್ಟಾದ ಬೆನ್ನುಹುರಿಯೂ ಹೊಸದಾಗಿ ತೆಗೆದ ಬಳಪದ ಕಲ್ಲಿನಂತೆ. ಮೊದಲ ಗಂಟೆಗಳಲ್ಲಿ ಮಾತ್ರ ಮಾತು ಕೇಳುತ್ತದೆ. ಆ ಗಂಟೆಗಳಲ್ಲಿ ತಂಪು ಮಾಡಬಲ್ಲವರು ಲೋಕದಲ್ಲಿ ಕೆಲವರು. ಆದರೆ ಆ ಗಂಟೆಗಳಲ್ಲಿ ಕೆಡಿಸದೆ ಇರುವುದು ತೋಟದಲ್ಲಿ ನಿಂತ ಪ್ರತಿಯೊಬ್ಬರಿಂದಲೂ ಸಾಧ್ಯ.

ಹೆಬ್ಬೆರಳಿನ ವಿಷಯವನ್ನು ನಾನು ಒಬ್ಬ ವೃದ್ಧ ನರವೈದ್ಯರಿಗೆ ಹೇಳಿದೆನು. ಅವರು ಸ್ವಲ್ಪ ಹೊತ್ತು ಯೋಚಿಸಿ, “ಅದು ನಿಜವಾದ ಚಲನೆಯೋ ಸುಮ್ಮನೆ ಅದುರಿದ್ದೋ ಯಾರೂ ಹೇಳಲಾರರು. ಎತ್ತಿದ್ದರಿಂದಲೇ ಕೆಟ್ಟಿತೆಂದೂ ಹೇಳಲಾರೆ, ಕೆಡಲಿಲ್ಲವೆಂದೂ ಹೇಳಲಾರೆ” ಎಂದರು. ಸಮಾಧಾನಕ್ಕಾಗಿ ಸುಳ್ಳು ಹೇಳದ ಆ ವೈದ್ಯರಿಗೆ ನಾನು ಕೃತಜ್ಞನಾಗಿದ್ದೇನೆ.

ಅಣ್ಣನಿಗೆ ನಾನು ಹೆಬ್ಬೆರಳಿನ ವಿಷಯವನ್ನು ಎಂದೂ ಹೇಳಲಿಲ್ಲ. ಎಳನೀರಿನ ವಿಷಯವನ್ನು ಮಾತ್ರ, ಆತನು ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು, ಧೈರ್ಯಮಾಡಿ ಎತ್ತಿದೆನು. ಆತನು ಹೊಸೆಯುತ್ತಿದ್ದ ಹಗ್ಗವನ್ನು ಕೆಳಗಿಡದೆಯೇ, “ನೀನು ಎಳನೀರು ಕೇಳ್ದೆ ಪುಟ್ಟಪ್ಪಾ, ಮಳೆ ಬರ್ಲಿ ಅಂತ ಕೇಳ್ದಾ?” ಎಂದು ನಕ್ಕನು.

* * *

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮಂತಹವರಿಗಾಗಿಯೇ ಹುಟ್ಟಿದೆ. ಆದರೂ ಇನ್ನೊಬ್ಬರ ಅಡಿಗೆಗೆ ಆ ಉರಿ ಉಪಯೋಗವಾಗಲೆಂದು ನಾಲ್ಕು ಮಾತು ಹೇಳುತ್ತೇನೆ.

ಮರದಿಂದಲೋ ಅಟ್ಟದಿಂದಲೋ ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ. ಬೆನ್ನು ನೀವಬೇಡಿ. ಕುಡಿಯಲು ಏನನ್ನೂ ಕೊಡಬೇಡಿ. ಒಬ್ಬರು ತಲೆಯ ಬಳಿ ಮೊಣಕಾಲೂರಿ ಕುಳಿತು, ತಲೆಯೂ ಕತ್ತೂ ಅಲುಗದಂತೆ ಎರಡು ಕೈಗಳಿಂದ ಹಿಡಿದಿರಲಿ. ಉಸಿರಾಟವನ್ನು ನೋಡುತ್ತಿರಿ, ಕಂಬಳಿ ಹೊದಿಸಿ. ಕರ್ನಾಟಕದಲ್ಲಿ 2008ರಿಂದ 108 ಎಂಬ ಸಂಖ್ಯೆಗೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಅದು ಬರುವವರೆಗೂ ಕಾಯಿರಿ. ಬೆಂಕಿಯೋ ನೀರೋ ಸಮೀಪಿಸಿ ಎತ್ತಲೇಬೇಕಾದರೆ, ನಾಲ್ಕೈದು ಮಂದಿ ಸೇರಿ, ತಲೆ, ಭುಜ, ಸೊಂಟ, ಕಾಲು ಒಂದೇ ಗೆರೆಯಲ್ಲಿರುವಂತೆ ಮರದ ದಿಮ್ಮಿಯನ್ನು ಹೊರಳಿಸುವ ಹಾಗೆ ಒಟ್ಟಿಗೆ ಹೊರಳಿಸಿ, ಅಗಲವಾದ ಹಲಗೆಯ ಮೇಲೆ ಮಲಗಿಸಿ. ಒತ್ತಡ ತೆಗೆಯುವ ಶಸ್ತ್ರಕ್ರಿಯೆಯು 24 ಗಂಟೆಗಳೊಳಗಾಗಿ ಆದರೆ ಹೆಚ್ಚು ಪ್ರಯೋಜನವೆಂದು ಇಂದಿನ ವೈದ್ಯರು ಹೇಳುತ್ತಾರೆ. ಆದುದರಿಂದ ಅಂತಹ ಸೌಕರ್ಯವಿರುವ ಆಸ್ಪತ್ರೆ ಯಾವುದೆಂಬುದನ್ನು ಮೊದಲೇ ತಿಳಿದಿರಬೇಕು. ಕಾಲು ಹೋದರೂ ಬದುಕು ಹೋಗುವುದಿಲ್ಲ. ಬೆಂಗಳೂರಿನಲ್ಲಿ ಎನ್. ಎಸ್. ಹೇಮಾ ಅವರು 1959ರಲ್ಲಿ ಆರಂಭಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿಯಂತಹ ಸಂಸ್ಥೆಗಳು ಇಂಥವರಿಗೆ ಮತ್ತೆ ಬಾಳುವುದನ್ನು ಕಲಿಸುತ್ತಿವೆ.

ಕಳೆದ ಸಲ ಊರಿಗೆ ಹೋದಾಗ, ಹಳೆಯ ಮನೆಯಿಂದ ಕಿತ್ತಿದ್ದ ಬಾಗಿಲಿನ ಹಲಗೆಯೊಂದನ್ನು ಸಾಗಿಸಿ ತೋಟದ ಪಂಪುಮನೆಯ ಗೋಡೆಗೆ ಒರಗಿಸಿ ಬಂದೆನು. ಈಗ ಕಾಯಿ ಕೀಳಲು ಬರುವ ಹುಡುಗನು ಮರ ಹತ್ತುವ ಯಂತ್ರವನ್ನು ಬಳಸುತ್ತಾನೆ. 2011ರಿಂದ ತೆಂಗು ಅಭಿವೃದ್ಧಿ ಮಂಡಳಿಯು ಇಂತಹ ಯಂತ್ರಗಳಲ್ಲಿ ಯುವಕರಿಗೆ ತರಬೇತಿ ಕೊಡಿಸುತ್ತ ಬಂದಿದೆ. ಆತನು ಹಲಗೆಯನ್ನು ನೋಡಿ, “ಇದೇನ್ ಸಾರ್, ಇಲ್ಲಿ ಬಾಗ್ಲು?” ಎಂದು ಕೇಳಿದನು. ನಾನು ಆತನನ್ನು ಮಲಗಿಸಿ, ತೋಟದ ನಾಲ್ವರು ಆಳುಗಳಿಂದ ಹೊರಳಿಸುವುದನ್ನು ಮಾಡಿಸಿ ತೋರಿಸಿದೆನು. ಎಲ್ಲರೂ ನಕ್ಕರು. ಎರಡನೆಯ ಸಲ ಮಾಡಿಸಿದಾಗ ನಗಲಿಲ್ಲ. ಮೂರನೆಯ ಸಲ ತಲೆಯನ್ನು ಹಿಡಿದವನು ತಾನಾಗಿಯೇ, “ಎಲ್ರೂ ಒಟ್ಟಿಗೆ... ಈಗ!” ಎಂದು ಹೇಳಿಕೊಟ್ಟನು.

ಆ ದಿನ ತುಂತುರು ಹನಿಯುತ್ತಿತ್ತು. ಎಳನೀರು ಕೀಳಲೇ ಎಂದು ಹುಡುಗನು ಕೇಳಿದನು. ಮರ ಒಣಗಲಿ, ನಾಳೆ ನೋಡೋಣವೆಂದು ಹೇಳಿ ನಾನು ಸ್ಟೇಷನ್ನಿಗೆ ಹೊರಟೆನು.